ಬೇಳೆ ಬೇಯುವ ನೀರು

ನಮ್ಮ ದೊಡ್ಡಮ್ಮ ಊರಿನ ನೀರನ್ನೆಲ್ಲ ಎರಡೇ ಭಾಗ ಮಾಡಿಟ್ಟಿದ್ದಳು. ಬೇಳೆ ಬೇಯುವ ನೀರು, ಬೇಳೆ ಬೇಯದ ನೀರು. ಶಾಲೆ ಹಿಂದಿನ ಬೋರು ಎರಡನೆಯ ಜಾತಿ. ಸವಳು. ಅದರಲ್ಲಿ ತೊಗರಿಬೇಳೆ ಎರಡು ತಾಸು ಕುದ್ದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು, ಸೋಪು ಎಷ್ಟು ತಿಕ್ಕಿದರೂ ನೊರೆ ಬರುತ್ತಿರಲಿಲ್ಲ. ಗುಡಿ ಮುಂದಿನ ಬೋರು ಮೊದಲನೆಯ ಜಾತಿ. "ಇದು ಸೀ ನೀರವ್ವಾ. ಇದ್ರಾಗ ಬ್ಯಾಳಿ ಬೆಣ್ಣಿಯಂಗ ಬೇಯ್ತೈತಿ" ಅನ್ನುತ್ತಿದ್ದಳು. ಅರ್ಧ ಊರು ಕೊಡ ಹಿಡಿದು ಅಲ್ಲಿಯೇ ನಿಲ್ಲುತ್ತಿತ್ತು. ನಾನು ಹುಟ್ಟಿ ಎಂಟು ವರ್ಷ ಆಗುವತನಕ ಕುಡಿದದ್ದು ಅದೇ ನೀರು.

ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಹಳ್ಳಿ ನಮ್ಮದು. ನಮ್ಮ ಕಡೆಯವರ ಹಲ್ಲು ನೋಡಿದವರಿಗೆ ಮುಂದಿನ ಕಥೆ ಅರ್ಧ ಗೊತ್ತಾಗಿರಬೇಕು. ನನ್ನ ಮುಂದಿನ ನಾಲ್ಕು ಹಲ್ಲುಗಳ ಮೇಲೆ ಕಂದು ಪಟ್ಟೆ ಇದೆ. ಊರಲ್ಲಿ ಇದ್ದಾಗ ಅದು ನನಗೆ ಕಂಡೇ ಇರಲಿಲ್ಲ. ಎಲ್ಲರಿಗೂ ಇತ್ತಲ್ಲ!

ಕಂಡದ್ದು ಮೈಸೂರಿನಲ್ಲಿ. ಬಳ್ಳಾರಿಯಲ್ಲಿ ಸಿವಿಲ್ ಬಿ.ಇ. ಮುಗಿಸಿ, 2010ರಲ್ಲಿ ಎನ್ವಿರಾನ್ಮೆಂಟಲ್ ಎಂಜಿನಿಯರಿಂಗ್ ಎಂ.ಟೆಕ್‌ಗೆ ಅಲ್ಲಿಗೆ ಹೋದೆ. ಜೊತೆಯವರೆಲ್ಲ ಸ್ಟ್ರಕ್ಚರ್ ತೊಗೊಂಡರು. ನನ್ನದಕ್ಕೆ ಅವರು ಇಟ್ಟ ಹೆಸರು 'ಗಟಾರದ ಎಂಜಿನಿಯರಿಂಗ್'. ಹಳೆಯ ಪುಸ್ತಕಗಳಲ್ಲಿ ಈ ವಿಷಯಕ್ಕೆ ಪಬ್ಲಿಕ್ ಹೆಲ್ತ್ ಎಂಜಿನಿಯರಿಂಗ್ ಅಂತಿತ್ತು. ಆ ಹೆಸರೇ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ, ಏನು ಕೆಲಸ ಅಂತ ಜನರಿಗೆ ತಿಳಿಯುತ್ತಿತ್ತು. ಇರಲಿ. ಹಾಸ್ಟೆಲ್ ಸೇರಿದ ಮೊದಲ ವಾರ, ರೂಮಿನ ಹುಡುಗಿ ಬಹಳ ಮೆಲ್ಲಗೆ ಕೇಳಿದಳು: "ಬೇಜಾರು ಮಾಡ್ಕೋಬೇಡ, ನೀನು ಗುಟ್ಕಾ ಹಾಕ್ತೀಯಾ?"

ಆಮೇಲೆ ಒಂದು ತಿಂಗಳು ನಾನು ಬಾಯಿಗೆ ಕೈ ಅಡ್ಡ ಇಟ್ಟೇ ನಕ್ಕೆ.

ಕ್ಲಾಸಿನಲ್ಲಿ ಫ್ಲೋರೈಡ್ ಪಾಠ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಹೇಳುವುದು ಇಷ್ಟು. ಅದು ದಾಟಿದರೆ ಮೊದಲು ಹಲ್ಲು, ವರ್ಷಗಟ್ಟಲೆ ಕುಡಿದರೆ ಮೂಳೆ. ಹಲ್ಲು ಕೆಡುವುದು ಅದು ಒಸಡಿನೊಳಗೆ ಬೆಳೆಯುವ ಚಿಕ್ಕ ವಯಸ್ಸಿನಲ್ಲಿ ಮಾತ್ರ. ದೊಡ್ಡವರಾದ ಮೇಲೆ ಅದೇ ನೀರು ಕುಡಿದರೂ ಹಲ್ಲಿಗೆ ಏನೂ ಆಗಲ್ಲ, ಮೂಳೆಗೆ ಆಗುತ್ತದೆ. ಸರ್ ಪರದೆಯ ಮೇಲೆ ಒಂದು ಚಿತ್ರ ಹಾಕಿದರು. ಅದು ನನ್ನದೇ ಬಾಯಿಯ ಫೋಟೋ ಅನ್ನುವ ಹಾಗಿತ್ತು. ಭಾರತದಲ್ಲಿ ಈ ಕಾಯಿಲೆ ಮೊದಲು ಗೊತ್ತಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ, ಅದೂ ಮೊದಲು ಉಳುವ ಎತ್ತುಗಳಲ್ಲಿ, ಅಂತ ಹೇಳಿದರು. ನಮ್ಮ ಬಳ್ಳಾರಿಯೂ 1953ರವರೆಗೆ ಅದೇ ಪ್ರಾಂತ್ಯದಲ್ಲಿತ್ತು. ನನಗೆ ಮಾತ್ರ ಅವತ್ತು ನೆನಪಾದದ್ದು ದೊಡ್ಡಪ್ಪ. ಯಾರಾದರೂ ಪಕ್ಕದಿಂದ ಕರೆದರೆ ಅವನು ಕುತ್ತಿಗೆ ತಿರುಗಿಸುತ್ತಿರಲಿಲ್ಲ, ಇಡೀ ಮೈ ತಿರುಗಿಸುತ್ತಿದ್ದ. ವಯಸ್ಸಾಯ್ತು, ವಾತ ಅಂತ ಎಲ್ಲರೂ ಸುಮ್ಮನಿದ್ದೆವು.

2012ರಲ್ಲಿ ಬಳ್ಳಾರಿಯ ಒಂದು ಖಾಸಗಿ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆದೆ. ಈ ದಾರಿಗೆ ಬರಬೇಕೆಂದಿರುವವರು ಒಂದು ಮಾತು ಕೇಳಿಸಿಕೊಳ್ಳಿ: ಮೇಷ್ಟ್ರ ಕೆಲಸದಲ್ಲಿ ಪಾಠ ಮಾಡುವುದು ಅರ್ಧ, ಫೈಲು ಬರೆಯುವುದು ಇನ್ನರ್ಧ. ಸಂಶೋಧನೆಗೆ ಉಳಿಯುವುದು ಭಾನುವಾರ. ಹಾಗಂತ ಪಿಎಚ್.ಡಿ. ಇಲ್ಲದೆ ಮುಂದಿನ ಮೆಟ್ಟಿಲೂ ಇಲ್ಲ. 2015ರಲ್ಲಿ ಪಾರ್ಟ್ ಟೈಮ್ ಆಗಿ ಸೇರಿಕೊಂಡೆ. ಪ್ರವೇಶ ಪರೀಕ್ಷೆ, ಇಂಟರ್‌ವ್ಯೂ, ಕೋರ್ಸ್‌ವರ್ಕ್, ಅದರ ಪರೀಕ್ಷೆ, ಕಾಂಪ್ರೆಹೆನ್ಸಿವ್ ವೈವಾ. ಇದರಲ್ಲಿ ಹೇಳಿಕೊಳ್ಳುವಂಥದ್ದು ಒಂದೇ. ಇಂಟರ್‌ವ್ಯೂನಲ್ಲಿ ಒಬ್ಬ ಹಿರಿಯರು "ಫ್ಲೋರೈಡ್ ಮೇಲೆ ಈಗಾಗಲೇ ಸಾವಿರ ಜನ ಬರೆದಿದ್ದಾರೆ, ನಿಮಗ್ಯಾಕಮ್ಮ ಮತ್ತೆ ಅದೇ?" ಅಂದರು. ನಾನು ಏನೂ ಹೇಳದೆ ಹಲ್ಲು ಕಿರಿದು ತೋರಿಸಿದೆ. ಅವರು ನಕ್ಕುಬಿಟ್ಟರು. ಕೈ ಅಡ್ಡ ಇಡದೆ ನಾನು ನಕ್ಕದ್ದೂ ಬಹಳ ದಿನಗಳ ನಂತರ ಅವತ್ತೇ.

(ಈಗಿನವರಿಗೆ ಒಂದು ಅನುಕೂಲ ಇದೆ. ನಮ್ಮ ಕಾಲದಲ್ಲಿ ಎಂ.ಟೆಕ್ ಸೇರಲು ಗೇಟ್ ಪರೀಕ್ಷೆ ಬರೆಯಬೇಕೆಂದರೆ ಸಿವಿಲ್ ಪೇಪರನ್ನೇ ಬರೆಯಬೇಕಿತ್ತು, ಬೀಮು ಕಾಲಮ್ಮು ಎಲ್ಲ ಸೇರಿಸಿ. 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆ ಬೇರೆ ಪೇಪರ್ ಬಂದಿದೆ.)

ವಿಷಯ ಆರಿಸುವುದು ಸುಲಭ. ಕಷ್ಟ ಇರುವುದು ಲ್ಯಾಬ್‌ನಲ್ಲಿ. ಗೈಡ್ ಯಾರು ಅಂತ ನೋಡುವ ಮೊದಲು ಅವರ ಹತ್ತಿರ ಯಾವ ಯಂತ್ರ ಇದೆ, ಅದು ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ ಅಂತ ಕೇಳಬೇಕು. ಫ್ಲೋರೈಡ್ ಅಳೆಯಲು ಒಂದು ಎಲೆಕ್ಟ್ರೋಡ್ ಇರುತ್ತದೆ, ಪೆನ್ನಿನಷ್ಟು ಉದ್ದ, ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡ್ ಹರಳು. ನೀರಿಗೆ ಅಷ್ಟೇ ಅಳತೆಯ ಟಿಸಾಬ್ ದ್ರಾವಣ (ಎಲ್ಲ ಸ್ಯಾಂಪಲ್ಲನ್ನೂ ಒಂದೇ ಹದಕ್ಕೆ ತರುವಂಥದ್ದು) ಬೆರೆಸಿ ಅದರಲ್ಲಿ ಇಳಿಬಿಟ್ಟರೆ ಮಿಲಿವೋಲ್ಟ್ ತೋರಿಸುತ್ತದೆ. ಫ್ಲೋರೈಡ್ ಹತ್ತು ಪಟ್ಟಾದರೆ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ಬದಲಾಗಬೇಕು. 25 ಡಿಗ್ರಿ! ಬಳ್ಳಾರಿಯ ಮೇ ತಿಂಗಳಲ್ಲಿ ಕರೆಂಟ್ ಹೋದ ಮಧ್ಯಾಹ್ನ ನಮ್ಮ ಲ್ಯಾಬ್‌ನಲ್ಲಿ ಕುಡಿಯುವ ನೀರೇ ಬಿಸಿ. ಎಸಿ ರೂಮಿನಲ್ಲಿಟ್ಟ ಸ್ಟ್ಯಾಂಡರ್ಡ್ (ಫ್ಲೋರೈಡ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ದ್ರಾವಣ) ಒಂದು ಉಷ್ಣತೆಯಲ್ಲಿ, ಹೊರಗಿಂದ ತಂದ ನೀರು ಇನ್ನೊಂದರಲ್ಲಿ. ಎರಡನ್ನೂ ಒಂದೇ ಬಕೆಟ್ಟಿನ ನೀರಿನಲ್ಲಿ ತಾಸುಗಟ್ಟಲೆ ಕೂರಿಸಿ ಸಮ ಮಾಡಿಕೊಳ್ಳುವುದನ್ನು ಯಾವ ಪುಸ್ತಕವೂ ಕಲಿಸಲಿಲ್ಲ, ನಮ್ಮ ಲ್ಯಾಬ್ ಅಟೆಂಡರ್ ಕಲಿಸಿದ. ಅವನು ಹತ್ತನೇ ಕ್ಲಾಸ್ ಪಾಸು.

2016ರ ಮೇ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ 48 ಬೋರು ಆರಿಸಿದ್ದೆ. ಹೊಸಪೇಟೆಗೆ ಬಸ್ಸು, ಅಲ್ಲಿಂದ ಕುಷ್ಟಗಿಗೆ ಇನ್ನೊಂದು ಬಸ್ಸು, ಮುಂದಕ್ಕೆ ತಮ್ಮನ ಹಳೇ ಕಾರು. ಸ್ಯಾಂಪಲ್ ತೆಗೆಯುವುದಕ್ಕೂ ಒಂದು ಕ್ರಮ ಇದೆ. ಮೋಟರ್ ಹಾಕಿ ಹತ್ತು ನಿಮಿಷ ಸುಮ್ನೆ ಹರಿಯಬಿಡಬೇಕು, ಪೈಪಿನಲ್ಲಿ ನಿಂತ ಹಳೇ ನೀರು ಹೋಗಲಿ ಅಂತ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕೇ ಆಗಬೇಕು, ಗಾಜು ಫ್ಲೋರೈಡಿನ ಜೊತೆ ತಾನೂ ಸೇರಿಕೊಳ್ಳುತ್ತದೆ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಅಲ್ಲೇ ನೋಡಬೇಕು.

ಆ ಹತ್ತು ನಿಮಿಷ ನೀರು ಹರಿಯಬಿಟ್ಟಾಗ ಆಗುವ ಜಗಳ ಬೇರೆ. ಮೇ ತಿಂಗಳಲ್ಲಿ, ನೀರಿಗೆ ಪಾಳಿ ಹಚ್ಚಿದ ಊರಲ್ಲಿ, ಯಾವಳೋ ಬಂದು ನೀರು ಚೆಲ್ಲುತ್ತಿದ್ದರೆ ಯಾರು ಬಿಡುತ್ತಾರೆ? "ಅಕ್ಕಾರ, ಹಂಗ ಹರಿಬಿಡಬ್ಯಾಡ್ರಿ, ಕೊಡ ಇಡತೀವಿ" ಅಂತ ಹೆಂಗಸರು ಸಾಲು ಹಚ್ಚಿದರು. ಒಳ್ಳೆಯದೇ ಆಯ್ತು. ಎರಡನೇ ಊರಿನಿಂದ ನಾನೇ ಮೊದಲು ಕೊಡ ತರಿಸಿ ಆಮೇಲೆ ಮೋಟರ್ ಹಾಕಿಸಿದೆ. ಹನ್ನೆರಡು ಕೊಡ ತುಂಬಿದರೆ ನನ್ನ ಬಾಟಲಿಯ ಸರದಿ. ಥೀಸಿಸ್‌ನಲ್ಲಿ 'ಹತ್ತು ನಿಮಿಷ ಪಂಪ್ ಮಾಡಲಾಯಿತು' ಅಂತ ಬರೆದಿದ್ದೇನೆ, ನಿಜವಾದ ಅಳತೆ ಹನ್ನೆರಡು ಕೊಡ. ಗಂಡಸರದು ಬೇರೆ ಪ್ರಶ್ನೆ. "ಮೇಡಮ್ಮರ, ನಮ್ಮ ಹೊಲದಾಗ ಒಂದು ಪಾಯಿಂಟ್ ನೋಡಿಕೊಡ್ರಿ. ಎಷ್ಟು ಫೂಟಿಗೆ ನೀರು ಬೀಳಬಹುದು?" ನೀರು ಎಲ್ಲಿದೆ ಅಂತ ನನಗೆ ಗೊತ್ತಿಲ್ಲ, ಅದರೊಳಗೆ ಏನಿದೆ ಅಂತ ಹೇಳಬಲ್ಲೆ ಅಂದರೆ, ಅವರ ಮುಖ ಸಪ್ಪಗಾಗುತ್ತಿತ್ತು. ಇಂಥ ಓದು ಯಾಕೆ ಬೇಕಿತ್ತು ಅನ್ನುವ ಹಾಗೆ.

ಆರು ದಿನ ಓಡಾಡಿದೆ. ಸಂಜೆ ಊರಿಗೆ ಬಂದು, ದೊಡ್ಡಮ್ಮನ ಪಡಸಾಲೆಯಲ್ಲಿ ಬ್ಯೂರೆಟ್ ನಿಲ್ಲಿಸಿ ಆಸಿಡ್ ಹನಿಸಿ ಕ್ಷಾರತೆ, ಅಂದರೆ ಮುಖ್ಯವಾಗಿ ಬೈಕಾರ್ಬೋನೇಟ್, ನೋಡುತ್ತಿದ್ದೆ. ಅರ್ಧ ಬಾಟಲಿ ಅದಕ್ಕೇ ಖರ್ಚು. ಉಳಿದ ಅರ್ಧವನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟೆ. ಬಳ್ಳಾರಿಗೆ ತಂದು, ಪರೀಕ್ಷೆ ಡ್ಯೂಟಿ ಮುಗಿಸಿ, ಕ್ಯಾಲ್ಸಿಯಂ ಮೆಗ್ನೀಸಿಯಂ ನೋಡುವಷ್ಟರಲ್ಲಿ ಹತ್ತು ದಿನ ಕಳೆದಿತ್ತು.

ಫಲಿತಾಂಶ ನೋಡಿ ನಾನು ಕುಣಿದಾಡಿದೆ. ಎಲ್ಲಿ ಕ್ಯಾಲ್ಸಿಯಂ ಕಡಿಮೆಯೋ ಅಲ್ಲಿ ಫ್ಲೋರೈಡ್ ಜಾಸ್ತಿ, ಗ್ರಾಫ್ ಹಗ್ಗ ಎಳೆದ ಹಾಗೆ ಬಂದಿತ್ತು. ಗುಡಿ ಮುಂದಿನ ಬೋರಿನಲ್ಲಿ ಫ್ಲೋರೈಡ್ ಲೀಟರಿಗೆ 2.8 ಮಿಲಿಗ್ರಾಂ. ಪ್ರಿಂಟ್ ಹಾಕಿಸಿಕೊಂಡು ಗೈಡ್ ಹತ್ತಿರ ಓಡಿದೆ.

ಅವರು ಗ್ರಾಫ್ ಕಡೆ ನೋಡಲೇ ಇಲ್ಲ. "ಬ್ಯಾಲೆನ್ಸ್ ನೋಡಿದೀಯಾ?" ಅಂದರು. ನೀರಿನಲ್ಲಿ ಕರಗಿದ ಲವಣಗಳ ಪ್ಲಸ್ ವಿದ್ಯುದಂಶ ಎಷ್ಟಿದೆಯೋ ಮೈನಸ್ಸೂ ಅಷ್ಟೇ ಇರಬೇಕು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ ಒಂದು ತಕ್ಕಡಿ. ಬೈಕಾರ್ಬೋನೇಟ್, ಕ್ಲೋರೈಡ್, ಸಲ್ಫೇಟ್, ನೈಟ್ರೇಟ್ ಇನ್ನೊಂದು. ಶೇ 5ರಷ್ಟು ಹೆಚ್ಚುಕಮ್ಮಿ ಆದರೆ ನಡೆಯುತ್ತದೆ. ಅಲ್ಲೇ ಕೂತು ಒಂದು ಸ್ಯಾಂಪಲ್ ಲೆಕ್ಕ ಹಾಕಿದೆ. ಪ್ಲಸ್ ಕಡೆ 9.1, ಮೈನಸ್ ಕಡೆ 12.3. ಶೇ 15 ವ್ಯತ್ಯಾಸ. ಇನ್ನೊಂದು ಹಾಕಿದೆ. ಅದೂ ಹಾಗೇ. 48ರಲ್ಲಿ 31 ಹಾಗೇ ಇದ್ದವು, ಎಲ್ಲದರಲ್ಲೂ ಪ್ಲಸ್ಸೇ ಕಡಿಮೆ.

"ಬಾಟಲಿ ಬಿಸಾಡಿದೀಯೋ, ಇವೆಯೋ?" ಅಂದರು.

ಇದ್ದವು. ಒಂದನ್ನು ಕಿಟಕಿಗೆ ಹಿಡಿದು ನೋಡಿದೆವು. ಒಳಗೋಡೆಗೆ ತೆಳ್ಳಗೆ ಬಿಳಿ ಪೊರೆ ಅಂಟಿತ್ತು, ಹಾಲು ಕುಡಿದಿಟ್ಟ ಲೋಟದಲ್ಲಿ ಉಳಿಯುತ್ತಲ್ಲ, ಹಾಗೆ. ನೀರು ಚೆಲ್ಲಿ, ಎರಡು ಹನಿ ಆಸಿಡ್ ಬಿಟ್ಟೆ. ಸುಯ್ ಅಂತ ಗುಳ್ಳೆ ಎದ್ದವು. ಸುಣ್ಣ. ಅರ್ಧ ಖಾಲಿ ಬಾಟಲಿ, ಕಾರಿನ ಡಿಕ್ಕಿಯ ಕಾವು, ಹತ್ತು ದಿನ. ನೀರಿನೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಸುಣ್ಣವಾಗಿ ಗೋಡೆಗೆ ಕೂತಿತ್ತು. ಬೈಕಾರ್ಬೋನೇಟನ್ನು ನಾನು ಅದೇ ಸಂಜೆ ಅಳೆದುಬಿಟ್ಟಿದ್ದೆ, ಅದು ಪೂರ್ತಿ ಲೆಕ್ಕಕ್ಕೆ ಬಂತು. ಕ್ಯಾಲ್ಸಿಯಂ ಮಾತ್ರ ಬಾಟಲಿಯಲ್ಲೇ ಉಳಿದುಬಿಟ್ಟಿತು. ನನ್ನ ಚೆಂದದ ಗ್ರಾಫಿನಲ್ಲಿ ಎಷ್ಟು ಭಾಗ ನೆಲದ್ದು, ಎಷ್ಟು ಭಾಗ ಡಿಕ್ಕಿಯದ್ದು ಅಂತ ಹೇಳಲು ದೇವರಿಗೂ ಆಗುತ್ತಿರಲಿಲ್ಲ.

ಅಳು ಬಂತು. ಸುಳ್ಳು ಯಾಕೆ ಹೇಳಲಿ, ಹೊಂದಿಸಿಬಿಡೋಣ ಅಂತಲೂ ಬಂತು. ಸೋಡಿಯಂ ಕಾಲಮ್ಮಿನಲ್ಲಿ ಒಂಚೂರು ಜಾಸ್ತಿ ಮಾಡಿದರೆ ತಕ್ಕಡಿ ಸಮ ಆಗುತ್ತದೆ. ಯಾರಿಗೆ ತಿಳಿಯುತ್ತೆ? ಹಾಗೆ ಹೊಂದಿಸಿದ ಕೋಷ್ಟಕಗಳನ್ನು ಆಮೇಲೆ ನಾನು ಬೇರೆ ಕಡೆ ನೋಡಿದ್ದೇನೆ. ಐವತ್ತು ಸ್ಯಾಂಪಲ್ಲೂ ಶೇ 2ರೊಳಗೆ ಬಂದಿದ್ದರೆ ನನಗೆ ಈಗ ಅನುಮಾನವೇ ಮೊದಲು ಬರುವುದು.

ಸರ್ ಬೈಯಲಿಲ್ಲ. ಬಾಟಲಿಯನ್ನು ಕೈಯಲ್ಲೇ ತಿರುಗಿಸುತ್ತಾ, "ನಿಮ್ಮೂರಿನ ಎರೆ ಹೊಲದಲ್ಲಿ ಸುಣ್ಣದ ಹರಳು ಸಿಗುತ್ತವಾ?" ಅಂದರು. ಸಿಗುತ್ತವೆ, ಕುಂಟೆ ಹೊಡೆಯುವಾಗ ಕಾಲಿಗೆ ಚುಚ್ಚುತ್ತವೆ ಅಂದೆ. "ಮತ್ತೆ? ನಿನ್ನ ಬಾಟಲಿಯೊಳಗೆ ಹತ್ತು ದಿನದಲ್ಲಿ ಆಗಿದ್ದು ನೆಲದೊಳಗೆ ಸಾವಿರಾರು ವರ್ಷದಿಂದ ಆಗ್ತಿದೆ ಕಣಮ್ಮ."

ನನ್ನ ಥೀಸಿಸ್ ಹುಟ್ಟಿದ್ದು ಆ ಬಾಟಲಿಯಲ್ಲಿ. ನಮ್ಮ ಕಡೆಯ ಗ್ರಾನೈಟ್, ನೈಸ್ (gneiss, ಪಟ್ಟೆಪಟ್ಟೆಯ ಗಟ್ಟಿ ಕಲ್ಲು) ಕಲ್ಲುಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಮಳೆ ಕಡಿಮೆ, ನೀರು ಕಲ್ಲಿನ ಬಿರುಕಿನಲ್ಲಿ ಬಹಳ ಕಾಲ ನಿಲ್ಲುತ್ತದೆ, ಕರಗಿಸಿಕೊಳ್ಳುತ್ತದೆ. ಆದರೆ ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸಿಬಿಡುತ್ತದೆ, ಒಂದು ಮಟ್ಟ ಮೀರಿ ಏರಲು ಬಿಡಲ್ಲ. ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಹೋಯಿತೋ, ಜೇಡಿಮಣ್ಣಿಗೆ ಅಂಟಿ ಅಲ್ಲಿದ್ದ ಸೋಡಿಯಮ್ಮನ್ನು ನೀರಿಗೆ ಬಿಟ್ಟಿತೋ, ಆಗ ಫ್ಲೋರೈಡಿಗೆ ಹೇಳೋರು ಕೇಳೋರು ಇಲ್ಲ. ಹಾಗೆ ಉಳಿಯುವ ನೀರು ಹೇಗಿರುತ್ತದೆ ಗೊತ್ತಾ? ಮೆದು. ಸೋಪು ಚೆನ್ನಾಗಿ ನೊರೆ ಬರುತ್ತದೆ. ಸೋಡಿಯಂ ಬೈಕಾರ್ಬೋನೇಟ್ ಜಾಸ್ತಿ, ಅಂದರೆ ಅಡುಗೆ ಸೋಡಾ ಮೊದಲೇ ಹಾಕಿಟ್ಟ ಹಾಗೆ. ಅದರಲ್ಲಿ ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ.

ದೊಡ್ಡಮ್ಮನ ಸೀ ನೀರು.

ಎಲ್ಲ ಸೀ ನೀರಿನಲ್ಲೂ ಫ್ಲೋರೈಡ್ ಇರುತ್ತದೆ ಅಂತಲ್ಲ, ಸವಳು ನೀರೆಲ್ಲ ಸುರಕ್ಷಿತ ಅಂತಲೂ ಅಲ್ಲ. ನಾಲಿಗೆಗೆ, ಕಣ್ಣಿಗೆ, ಕುಕ್ಕರಿಗೆ ಫ್ಲೋರೈಡ್ ಸಿಗುವುದಿಲ್ಲ ಅಷ್ಟೇ. ಆದರೆ ನಮ್ಮೂರಿನ ಹೆಂಗಸರು ಬಹಳ ಬುದ್ಧಿವಂತಿಕೆಯಿಂದ, ವರ್ಷಗಟ್ಟಲೆ ಪರೀಕ್ಷೆ ಮಾಡಿ, ಮಕ್ಕಳಿಗೆ ಅಂತ ಹುಡುಕಿ ಆರಿಸಿದ ಬೋರೇ ಅದು. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಮತ್ತೆ ಮೊದಲಿಂದ ಶುರು ಮಾಡಿದೆ. ನವೆಂಬರ್, ಮುಂದಿನ ಮೇ, ಅದರ ಮುಂದಿನ ನವೆಂಬರ್. ಈ ಸಲ ಒಂದೊಂದು ಬೋರಿಗೆ ಎರಡು ಬಾಟಲಿ. ಒಂದಕ್ಕೆ ಅಲ್ಲೇ ನೈಟ್ರಿಕ್ ಆಸಿಡ್ ಹನಿಸಿ ಪಿಎಚ್ 2ಕ್ಕಿಂತ ಕೆಳಗಿಳಿಸುವುದು, ಕ್ಯಾಲ್ಸಿಯಂ ಗೋಡೆ ಹತ್ತದ ಹಾಗೆ. ಇನ್ನೊಂದನ್ನು ಕಂಠದವರೆಗೆ ತುಂಬಿ, ಗಾಳಿಗೆ ಜಾಗ ಇಲ್ಲದ ಹಾಗೆ ಮುಚ್ಚಿ ಐಸ್ ಡಬ್ಬಿಗೆ. ಐಸ್ ತಂದದ್ದು ಕುಷ್ಟಗಿಯಲ್ಲಿ ಜ್ಯೂಸ್ ಅಂಗಡಿಯವನ ಹತ್ತಿರ. ಹೊಸ ಗ್ರಾಫ್ ಹಗ್ಗದ ಹಾಗೆ ಬರಲಿಲ್ಲ, ಚದುರಿದ ಜೋಳದ ಕಾಳಿನ ಹಾಗೆ ಬಂತು. ಆದರೂ ಇಳಿಜಾರು ಅದೇ ಇತ್ತು. ಈ ಸಲ ಅದನ್ನು ನಂಬಬಹುದಿತ್ತು.

ಮುಂದಿನದೆಲ್ಲ ಬೇಗ ಹೇಳಿಬಿಡುತ್ತೇನೆ, ಅನುಭವಿಸುವಾಗ ಬೇಗ ಮುಗಿಯಲಿಲ್ಲ. ಮೊದಲ ಪೇಪರನ್ನು ಎರಡು ಜರ್ನಲ್ ವಾಪಸ್ ಕಳಿಸಿದವು. 'ಇದು ಬರೀ ಸ್ಥಳೀಯ ಅಧ್ಯಯನ' ಅಂತ ಒಬ್ಬರು ಬರೆದರು. ಹೌದು, ನೀರು ಸ್ಥಳೀಯವಾಗಿಯೇ ಇರುತ್ತದೆ. ದುಡ್ಡು ಕಟ್ಟಿ, ಮೂರು ದಿನದಲ್ಲಿ ಅಚ್ಚು ಹಾಕುತ್ತೇವೆ ಅನ್ನುವ ಮೇಲ್‌ಗಳು ಮಾತ್ರ ದಿನಾ ಬರುತ್ತಿದ್ದವು. ಅವುಗಳಿಗೆ ಬೀಳಬೇಡಿ. ಮೂರನೇ ಜರ್ನಲ್ ಆಗಲಿ ಅಂತು, ಒಂಬತ್ತು ತಿಂಗಳು ತಿದ್ದಿಸಿದ ಮೇಲೆ. ನಡುವೆ ಮಗಳು ಹುಟ್ಟಿದಳು. ಹೆಂಗಸರಿಗೆ ಪಿಎಚ್.ಡಿ. ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ರಜೆ, ಪಿಎಚ್.ಡಿ. ಮುಗಿಸುವ ಆರು ವರ್ಷದ ಗಡುವಿನ ಮೇಲೆ ಎರಡು ವರ್ಷದ ರಿಯಾಯಿತಿ ಇದೆ ಅನ್ನುವುದು ಯುಜಿಸಿ ನಿಯಮದಲ್ಲೇ ಇದೆ. ನನಗೆ ಯಾರೂ ಹೇಳಿರಲಿಲ್ಲ, ನಾನೇ ಓದಿ ಅರ್ಜಿಗೆ ಅಂಟಿಸಿ ಕೊಟ್ಟೆ. ನೀವೂ ಓದಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಲ್ಯಾಬ್‌ಗೆ ಬೀಗ ಬಿತ್ತು. ಎಲೆಕ್ಟ್ರೋಡ್ ಒಣಗಿ ಸತ್ತಿತು. ಹೊಸದಕ್ಕೆ ಕೊಟೇಶನ್, ಮೂರು ಸಹಿ, ಎಂಟು ತಿಂಗಳು.

ಥೀಸಿಸ್ ಒಪ್ಪಿಸುವಾಗ ನಕಲು ಪರೀಕ್ಷೆ. ಶೇ 10ರೊಳಗೆ ಇದ್ದರೆ ತಕರಾರಿಲ್ಲ. ನನ್ನದು ಮೊದಲ ಸಲ 17 ಬಂತು. ಯಾಕೆ ಅಂತ ನೋಡಿದರೆ, 'ಬಾಟಲಿಯನ್ನು ಮೂರು ಬಾರಿ ತೊಳೆಯಲಾಯಿತು' ಅನ್ನುವಂಥ ಸಾಲುಗಳು! ಇಡೀ ಜಗತ್ತು ಬಾಟಲಿಯನ್ನು ಮೂರೇ ಸಲ ತೊಳೆಯುವುದು, ನಾನೇನು ಮಾಡಲಿ?

2022ರಲ್ಲಿ ವೈವಾ. ಹೊರಗಿನಿಂದ ಬಂದ ಪರೀಕ್ಷಕರು ಬ್ಯಾಲೆನ್ಸ್ ಕೋಷ್ಟಕದ ಮೇಲೆ ಬೆರಳಿಟ್ಟು, ಬಿಟ್ಟ 2016ರ ಮೇ ಅಂಕಿಗಳನ್ನು ಅನುಬಂಧದಲ್ಲಿ ಯಾಕೆ ಹಾಕಿದ್ದೀರಿ ಅಂತ ಕೇಳಿದರು. ಡಿಕ್ಕಿಯ ಕಥೆ ಹೇಳಿದೆ. ಅವರು ಏನೂ ಅನ್ನದೆ ಪುಟ ತಿರುಗಿಸಿದರು. ಆಮೇಲೆ ನಿಜವಾದ ಪ್ರಶ್ನೆ ಬಂತು: "ಸರಿ. ಆ ಊರು ಈಗ ಏನು ಮಾಡಬೇಕು?"

ಇದಕ್ಕೆ ಥೀಸಿಸ್‌ನಲ್ಲಿ ಒಂದು ಅಧ್ಯಾಯ ಇದ್ದರೂ ಬಾಯಿ ಒಣಗಿತು. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನ ಇದೆ: ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಕಲಸಿ, ಕೂರಲು ಬಿಟ್ಟು ಸೋಸುವುದು. ನಮ್ಮ ನೀರಿನ ಕ್ಷಾರತೆ ಜಾಸ್ತಿ, ಅದಕ್ಕೆ ಪಟಿಕವೂ ಜಾಸ್ತಿ ಬೇಕು. ಕೆಸರನ್ನು ದಿನಾ ಚೆಲ್ಲುವವರು ಯಾರು? ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಚೆನ್ನಾಗಿ ಹಿಡಿಯುತ್ತದೆ, ಆದರೆ ತುಂಬಿದ ಮೇಲೆ ಕಾಸ್ಟಿಕ್ ಸೋಡಾ, ಆಸಿಡ್ ಹಾಕಿ ತೊಳೆಯಬೇಕು. ಆ ಕೆಲಸ ನಿಂತರೆ ಅದು ಬರೀ ಡ್ರಮ್ಮು. ಆರ್‌ಒ ಘಟಕ ಊರೂರಿಗೆ ಬಂದಿವೆ, ಜನರ ಬಾಯಲ್ಲಿ 'ಫಿಲ್ಟರ್ ನೀರು'. ನಡೆಯುವಾಗ ಒಳ್ಳೆಯದೇ. ಅದು ಹೊರಹಾಕುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ, ಅದು ಹರಿಯುವುದು ಅದೇ ಬೋರಿನ ಪಕ್ಕದ ಗಟಾರಕ್ಕೆ. ನನಗೆ ಸರಿ ಅನ್ನಿಸುವುದು ನದಿ ನೀರನ್ನು ಪೈಪಿನಲ್ಲಿ ತರುವುದು, ಮಳೆ ನೀರು ಕೂಡಿಡುವುದು. ಇದನ್ನೇ ಹೇಳಿದೆ. ಪಾಸು ಮಾಡಿದರು.

ಹೆಸರಿನ ಮುಂದೆ ಡಾಕ್ಟರ್ ಬಂದ ವಾರ ಊರಿಗೆ ಹೋದೆ. ಅಷ್ಟೊತ್ತಿಗೆ ನದಿ ನೀರಿನ ನಲ್ಲಿ ಬಂದಿತ್ತು, ಮೂರು ದಿನಕ್ಕೊಮ್ಮೆ. ಗುಡಿ ಮುಂದಿನ ಬೋರಿಗೆ ಕೆಂಪು ಬಣ್ಣ ಬಳಿದು 'ಕುಡಿಯಲು ಯೋಗ್ಯವಲ್ಲ' ಅಂತ ಬರೆದಿದ್ದರು. ದೊಡ್ಡಮ್ಮ ನನಗೆ ನಲ್ಲಿ ನೀರಿನ ಚರಿಗೆ ಕೊಟ್ಟು, "ನೀ ಹೇಳಿದಂಗ ಮಾಡೀನಿ, ಬೋರಿನ ನೀರು ಕುಡಿಯಾಂಗಿಲ್ಲ" ಅಂದಳು. ಖುಷಿಯಾಯಿತು. ಊಟಕ್ಕೆ ರೊಟ್ಟಿ, ಪುಂಡಿ ಪಲ್ಯ, ಅನ್ನ, ಸಾರು. ಸಾರು ಬೆಣ್ಣೆಯ ಹಾಗಿತ್ತು.

"ದೊಡ್ಡವ್ವ, ಬ್ಯಾಳಿ ಯಾವ ನೀರಾಗ ಇಟ್ಟೀದಿ?"

"ಅದಕ್ಕ ಗುಡಿ ಮುಂದಿನ ನೀರಾ ಬೇಕವ್ವಾ. ನಳದ ನೀರಾಗ ಹಿಂಗ ಬೇಯಾಂಗಿಲ್ಲ. ಹೆಂಗೂ ಕುದಿಸ್ತೀವಲ್ಲ."

ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಏಳು ವರ್ಷ ನಾನು 'ಕುಡಿಯಬೇಡಿ' ಅಂತಲೇ ಹೇಳುತ್ತಾ ಬಂದಿದ್ದೆ. ಅಡುಗೆಗೂ ಬೇಡ ಅಂತ ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ನನ್ನ ಪ್ರಶ್ನಾವಳಿಯಲ್ಲೂ 'ಕುಡಿಯುವ ನೀರಿನ ಮೂಲ ಯಾವುದು' ಅಂತ ಇತ್ತೇ ಹೊರತು 'ಬೇಳೆ ಯಾವುದರಲ್ಲಿ ಬೇಯಿಸುತ್ತೀರಿ' ಅಂತ ಇರಲಿಲ್ಲ.

ಊಟ ಮುಗಿಸಿ, ಬ್ಯಾಗಿನಲ್ಲಿದ್ದ ಪ್ಲಾಸ್ಟಿಕ್ ಬಾಟಲಿ ತೆಗೆದು, ಕುಕ್ಕರಿನಲ್ಲಿ ಉಳಿದ ಬೇಳೆಕಟ್ಟು ಒಂದು ಸೌಟು ಹಾಕಿಕೊಂಡೆ. "ಏ, ಎಂಥ ಹುಚ್ಚಿ ಇದು" ಅಂತ ದೊಡ್ಡಮ್ಮ ನಕ್ಕಳು. ಈಗ ನನ್ನ ಹತ್ತಿರ ಎಂ.ಟೆಕ್ ಮಾಡುತ್ತಿರುವ ಹುಡುಗಿಯೊಬ್ಬಳು ಇದನ್ನೇ ಅಳೆಯುತ್ತಿದ್ದಾಳೆ. ಬೇಳೆಕಟ್ಟಿನಲ್ಲಿ ಎಲೆಕ್ಟ್ರೋಡ್ ಅದ್ದಿದರೆ ಅಂಕಿ ನಿಲ್ಲುವುದಿಲ್ಲ, ಮೇಲೆ ಕೆಳಗೆ ಓಡಾಡುತ್ತದೆ, ಜಿಡ್ಡು ಬೇರೆ ಅಂಟುತ್ತದೆ. ಮೊದಲು ಅದನ್ನು ಹೇಗೆ ಸೋಸಬೇಕು ಅಂತ ಇಬ್ಬರೂ ತಲೆ ಕೆಡಿಸಿಕೊಂಡು ಕೂತಿದ್ದೇವೆ.